ಲೆಕ್ಕವೂ ಇರಲಿ, ಕೊಸರೂ ಇರಲಿ

ಮಕ್ಕಳ ಅಂಗಡಿ ಆಟಕ್ಕೆ ಬಂಡವಾಳ ಬೇಕಿಲ್ಲ. ಎರಡು ತೆಂಗಿನ ಕರಟಕ್ಕೆ ತೂತು ಹಾಕಿ, ದಾರ ಪೋಣಿಸಿ, ಕಡ್ಡಿಯ ಎರಡು ತುದಿಗೆ ಕಟ್ಟಿದರೆ ತಕ್ಕಡಿ ಸಿದ್ಧ. ಮರಳೇ ಸಕ್ಕರೆ, ಇಟ್ಟಿಗೆ ಪುಡಿಯೇ ಖಾರದ ಪುಡಿ, ದಾಸವಾಳದ ಎಲೆಯೇ ನೋಟು. ಜಗಲಿಯ ಮೇಲೆ ವ್ಯಾಪಾರ ಶುರು.

“ಏನ್ ಬೇಕಮ್ಮಾ?”

“ಅರ್ಧ ಕೇಜಿ ಸಕ್ಕರೆ ಕೊಡಿ. ಎಷ್ಟಾಯ್ತು?”

“ನೂರು ರೂಪಾಯಿ.”

“ಅಯ್ಯೋ, ಜಾಸ್ತಿ ಆಯ್ತು. ಕಮ್ಮಿ ಮಾಡ್ಕೊಳ್ಳಿ.”

“ಸರಿ, ಎರಡು ರೂಪಾಯಿ ಕೊಡಿ.”

ಗಿರಾಕಿ ಮೂರು ಎಲೆ ಕೊಟ್ಟರೆ ಅಂಗಡಿಯವಳು ಐದು ಎಲೆ ಚಿಲ್ಲರೆ ಕೊಡುತ್ತಾಳೆ. ಪೊಟ್ಟಣ ಕಟ್ಟುವ ಮೊದಲು ಒಂದು ಹಿಡಿ ಮರಳು ಕೊಸರು ಹಾಕಲು ಮಾತ್ರ ಮರೆಯುವುದಿಲ್ಲ. ಹಳೇ ಮೈಸೂರು ಕಡೆ ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲೂ ಅಂಗಡಿಯ ಈ ಸೆಳೆತವನ್ನು ನೋಡಬಹುದು. ದೊಡ್ಡವರು ಪಟ್ಟದ ಗೊಂಬೆಗಳಿಗೆ ಆರತಿ ಎತ್ತುತ್ತಿದ್ದರೆ, ಮಕ್ಕಳ ಕಣ್ಣು ಕೆಳಗಿನ ಸಾಲಿನ ಶೆಟ್ಟರ ಅಂಗಡಿಯ ಮೇಲೆ, ಅಲ್ಲಿ ಪುಟ್ಟ ಬಟ್ಟಲುಗಳಲ್ಲಿಟ್ಟ ಅಕ್ಕಿ, ಬೇಳೆ, ಬೆಲ್ಲದ ಮೇಲೆ.

ಮಕ್ಕಳ ಈ ಅಂಗಡಿ ಆಟ ನೋಡಿ ಕೆಲವು ತಾಯಂದಿರು ಕಳವಳಪಡುವುದುಂಟು. “ಇಷ್ಟು ಚಿಕ್ಕ ವಯಸ್ಸಿಗೇ ದುಡ್ಡು ದುಡ್ಡು ಅಂತಾನಲ್ಲ!” ಎನ್ನುತ್ತಾರೆ. ಆದರೆ ನಾಲ್ಕು ವರ್ಷದ ಮಗುವಿನ ಮುಂದೆ ಒಂದು ರೂಪಾಯಿಯ ಐದು ನಾಣ್ಯಗಳನ್ನೂ ಹತ್ತು ರೂಪಾಯಿಯ ಒಂದು ನೋಟನ್ನೂ ಇಟ್ಟು ನೋಡಿ. ಬಹಳಷ್ಟು ಮಕ್ಕಳು ನಾಣ್ಯಗಳನ್ನೇ ಬಾಚಿಕೊಳ್ಳುತ್ತಾರೆ. ಅವು ಹೊಳೆಯುತ್ತವೆ, ಉರುಳುತ್ತವೆ, ಹುಂಡಿಗೆ ಹಾಕಿದರೆ ಸದ್ದು ಮಾಡುತ್ತವೆ. ಬೆಲೆಯ ಮಾತು ಅಲ್ಲಿ ಇನ್ನೂ ಹುಟ್ಟಿಯೇ ಇಲ್ಲ.

ಇಟಲಿಯ ಮನಃಶಾಸ್ತ್ರಜ್ಞೆಯರಾದ ಅನ್ನಾ ಎಮಿಲಿಯಾ ಬೆರ್ಟಿ ಮತ್ತು ಅನ್ನಾ ಸಿಲ್ವಿಯಾ ಬೊಂಬಿ, ಹಣ ಮತ್ತು ಅಂಗಡಿಯ ಬಗ್ಗೆ ಮಕ್ಕಳನ್ನು ಕೂಡಿಸಿಕೊಂಡು ಕೇಳಿದರು. ಅವರ ಪುಸ್ತಕ 1988ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿ ಕಾಣುವ ಪುಟ್ಟ ಮಕ್ಕಳಲ್ಲಿ ಹಲವರಿಗೆ, ಅಂಗಡಿಯವರು ಕೊಡುವ ಚಿಲ್ಲರೆಯೇ ಮನೆಗೆ ಹಣ ಬರುವ ದಾರಿ. ಅಂಗಡಿಯವರೂ ಸಾಮಾನಿಗೆ ದುಡ್ಡು ಕೊಟ್ಟು ತರಬೇಕು, ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರಬೇಕು ಎನ್ನುವುದು ಎಷ್ಟೋ ವರ್ಷಗಳ ನಂತರ ತಿಳಿಯುವ ಸಂಗತಿ.

ಹಾಗಾದರೆ ಆಟದಲ್ಲಿ ಮಗುವನ್ನು ಸೆಳೆಯುವುದೇನು? ಅಂಗಡಿಯೆಂದರೆ ನಾಲ್ಕು ಜನ ಬರುವ ಜಾಗ. ಅಲ್ಲಿ ಕೂತವರನ್ನು ಎಲ್ಲರೂ ಕೇಳುತ್ತಾರೆ, ಅವರು ಎಲ್ಲರಿಗೂ ಕೊಡುತ್ತಾರೆ. ದಿನವಿಡೀ ದೊಡ್ಡವರ ಕೈ ನೋಡಿಕೊಂಡಿರುವ ಮಗುವಿಗೆ ತಾನೇ ಕೊಡುವ ಕೈಯಾಗುವುದು ದೊಡ್ಡ ಸಂಭ್ರಮ. ಆ ಆಟದಲ್ಲಿ ಲೋಭವಿಲ್ಲ. ಲೋಭ ಆಮೇಲೆ ಬರುತ್ತದೆ, ಅದೂ ಬಹುಪಾಲು ನಮ್ಮಿಂದಲೇ.

ಮಕ್ಕಳ ಅಂಗಡಿಯ ಮಾತಿಗೆ ಸ್ವಲ್ಪ ಕಿವಿಗೊಡಿ. “ಚಿಲ್ಲರೆ ಇಲ್ಲ, ಆಮೇಲೆ ಬನ್ನಿ”, “ತೂಕ ಸರಿಯಾಗಿ ಹಾಕ್ರೀ”, “ಹಳೇ ಬಾಕಿ ಕೊಡ್ಲಿಲ್ಲ ನೀವು”: ಎಲ್ಲವೂ ನಮ್ಮ ಮಾತುಗಳೇ. ಅಂಗಡಿಯವರು ಕೈತಪ್ಪಿ ಐವತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟಾಗ ಅಪ್ಪ ಏನು ಮಾಡಿದ ಎಂಬುದನ್ನು, ಬೆರಳು ಹಿಡಿದು ನಿಂತ ಮಗು ನೋಡಿರುತ್ತದೆ. ಆ ಐವತ್ತು ಜೇಬಿಗೆ ಹೋದರೆ ಒಂದು ಪಾಠ, ಗಲ್ಲಾಪೆಟ್ಟಿಗೆಗೆ ಹಿಂತಿರುಗಿದರೆ ಇನ್ನೊಂದು ಪಾಠ.

ಇಲ್ಲಿ ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನ ನೆನಪಾಗುತ್ತದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಬಂದ ಹಣದಲ್ಲಿ ಜಂಗಮರಿಗೆ ದಾಸೋಹ. ಒಮ್ಮೆ ಅವನ ಹಗ್ಗಕ್ಕೆ ಅದರ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಹೊನ್ನು ಬಂತೆಂದೂ, ಚಂದಯ್ಯ ಅದನ್ನು ಒಪ್ಪಲಿಲ್ಲವೆಂದೂ ಶರಣರ ಕಥೆ ಹೇಳುತ್ತದೆ. ತನಗೆ ಸಲ್ಲಬೇಕಾದುದರಲ್ಲಿ ಅಷ್ಟು ಕಟ್ಟುನಿಟ್ಟಿನ ಲೆಕ್ಕ ಇಟ್ಟವನೇ, ಕೊಡುವಾಗ ಇದ್ದುದನ್ನೆಲ್ಲ ಬಡಿಸಿಬಿಟ್ಟ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ ನನಗೆ ಇಷ್ಟವಾಗುವುದೂ ಲೆಕ್ಕ ಮತ್ತು ಕೊಡುವ ಗುಣ ಎರಡೂ ಅಲ್ಲಿ ಒಟ್ಟಿಗೆ ಕಾಣುವ ಕಾರಣಕ್ಕೆ. ಅಂಗಳದಲ್ಲಿ ಗೋಣಿಚೀಲ ಹಾಸಿ, ಮನೆಯಿಂದ ತಂದ ಸೊಪ್ಪು, ನಿಂಬೆಹಣ್ಣು, ಚುರುಮುರಿ ಇಟ್ಟು ಮಕ್ಕಳು ಕೂಗಿ ಕರೆಯುತ್ತಾರೆ. ಅಂಥ ಒಂದು ಸಂತೆಯಲ್ಲಿ ಅಜ್ಜರೊಬ್ಬರು ಐದು ರೂಪಾಯಿಯ ಮೆಂತ್ಯದ ಕಟ್ಟಿಗೆ ಹತ್ತರ ನಾಣ್ಯ ಕೊಟ್ಟು, “ಇರ್ಲಿ ಬಿಡು ಮಗಾ” ಎಂದು ಹೊರಟರು. ಹುಡುಗಿ ಎದ್ದು ಹಿಂದೆಯೇ ಓಡಿ, “ಲೆಕ್ಕ ಲೆಕ್ಕಾನೇ ತಾತ, ತಗೊಳ್ಳಿ” ಎಂದು ಐದು ರೂಪಾಯಿ ಅವರ ಕೈಗಿತ್ತಳು. ಹಾಗೆಯೇ ಅವರ ಚೀಲಕ್ಕೆ ಎರಡು ಎಸಳು ಕರಿಬೇವೂ ಹಾಕಿದಳು. ಅದಕ್ಕೆ ದುಡ್ಡು ಕೇಳಲಿಲ್ಲ.

ಇಂದಿನ ಮಕ್ಕಳಿಗೆ ಈ ಅನುಭವ ಮೊದಲಿಗಿಂತ ಹೆಚ್ಚು ಬೇಕಾಗಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕಣ್ಣಿಗೆ ಕಾಣುವುದೇ ಕಡಿಮೆಯಾಯಿತು. ಅಮ್ಮ ಫೋನ್ ಹಿಡಿಯುತ್ತಾಳೆ, ಅಂಗಡಿಯ ಪೆಟ್ಟಿಗೆ ‘ಹಣ ಬಂತು’ ಎಂದು ಕೂಗುತ್ತದೆ, ಸಾಮಾನು ಕೈಗೆ ಬರುತ್ತದೆ. ಅಮ್ಮನ ಕಡೆ ಕಡಿಮೆಯಾದದ್ದೇನು ಎಂದು ಮಗುವಿಗೆ ತಿಳಿಯುವುದು ಹೇಗೆ? ನಾಣ್ಯ ಕೈಬಿಟ್ಟು ಹೋದಾಗ ಮುಷ್ಟಿ ಖಾಲಿಯಾಗುತ್ತದೆ. ಖರ್ಚು ಎಂದರೇನು ಎಂಬುದನ್ನು ಆ ಖಾಲಿ ಮುಷ್ಟಿಯೇ ಕಲಿಸುತ್ತದೆ.

ಆದ್ದರಿಂದ ಆಗಾಗ ಮಗುವಿನ ಕೈಗೆ ನಾಲ್ಕು ನಾಣ್ಯ ಕೊಟ್ಟು, ಜೊತೆಯಲ್ಲಿ ಬೀದಿಯ ಅಂಗಡಿಗೆ ಹೋಗಿ. ಕೊತ್ತಂಬರಿ ಕಟ್ಟನ್ನು ಅದೇ ಕೇಳಲಿ, ಅದೇ ಎಣಿಸಿ ಕೊಡಲಿ, ಚಿಲ್ಲರೆ ಅದೇ ನೋಡಿ ತರಲಿ. ಹೆಚ್ಚು ಬಂದಿದ್ದರೆ ಹಿಂದಿರುಗಿಸಿ ಬರಲು ಅದನ್ನೇ ಕಳಿಸಿ. ಮನೆಯಲ್ಲಿ ಅದು ಅಂಗಡಿ ಹೂಡಿದರೆ ಕೆಲಸ ಬಿಟ್ಟು ಐದು ನಿಮಿಷ ಗಿರಾಕಿಯಾಗಿ. “ದುಡ್ಡು ಕೆಟ್ಟದ್ದು, ಮುಟ್ಟಬೇಡ” ಎಂದು ಹೆದರಿಸುವುದೂ ಬೇಡ, “ದುಡ್ಡಿದ್ದರೇ ಎಲ್ಲ” ಎಂದು ತಲೆಗೆ ತುಂಬುವುದೂ ಬೇಡ.

ತೆಗೆದುಕೊಳ್ಳುವಾಗ ಲೆಕ್ಕ ತಪ್ಪಬಾರದು, ಕೊಡುವಾಗ ಕೈ ಸ್ವಲ್ಪ ಸಡಿಲವಿರಬೇಕು. ಕೊಸರು ಹಾಕುವುದು ಮಕ್ಕಳಿಗೆ ತಾನಾಗಿ ಬರುತ್ತದೆ, ಲೆಕ್ಕ ನಾವು ಕಲಿಸಬೇಕು. ಆದರೆ ಲೆಕ್ಕ ಕಲಿಸುವ ಭರದಲ್ಲಿ ಆ ಕೊಸರನ್ನು ಮರೆಸದಿರುವ ಎಚ್ಚರ ನಮಗಿರಲಿ.