ಹೆರಿಗೆ ನೋವು ಶುರುವಾಯಿತೆಂದು ತಿಳಿಯುವುದು ಹೇಗೆ?

(ಬೆಳೆಗಾರರ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಖಾನೆಯಿಂದ ಕಟಾವಿನ ಆದೇಶ ಬಂದರೆ ಆಳು, ಗಾಡಿ, ಹಗ್ಗ ಎಲ್ಲವನ್ನೂ ಹಿಂದಿನ ದಿನವೇ ಸಿದ್ಧ ಮಾಡಿಕೊಳ್ಳುತ್ತೀರಿ. ಹೆರಿಗೆಗೆ ಅಂಥ ಆದೇಶ ಬರುವುದಿಲ್ಲ. ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಡಾಕ್ಟರು ಒಂದು ತಾರೀಕು ಬರೆದುಕೊಡುತ್ತಾರೆ. ನಮ್ಮ ಅಜ್ಜಿಯರು ಹೇಳುವ ಹತ್ತು ತಿಂಗಳೂ ಅದೇ ಲೆಕ್ಕ. 28 ದಿನಕ್ಕೊಂದು ತಿಂಗಳು ಹಿಡಿದರೆ ಸರಿಹೋಗುತ್ತದೆ. ಆದರೆ ಬರೆದ ತಾರೀಕಿನಂದೇ ಹೆರುವವರು ಕಡಿಮೆ. ಎರಡು ವಾರ ಹಿಂದೆ ಮುಂದೆ ಆಗುವುದು ಸಹಜ. ಆದ್ದರಿಂದ ತಾರೀಕನ್ನು ನಂಬಿ ಕೂರದೆ ಮೈಯ ಗುರುತುಗಳನ್ನು ನೋಡಬೇಕು.

ಕಡೆಯ ವಾರಗಳಲ್ಲಿ ಹೊಟ್ಟೆ ಆಗಾಗ ಬಿಗಿಯಾಗಿ ಸಡಿಲವಾಗುತ್ತದೆ. ತಮಿಳಿನಲ್ಲಿ ಇದನ್ನು ‘ಪೊಯ್ ವಲಿ’ ಎನ್ನುತ್ತಾರೆ, ಅಂದರೆ ಸುಳ್ಳು ನೋವು. ಇದು ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಅರ್ಧ ಗಂಟೆಗೆ ಬರುತ್ತದೆ. ನೀರು ಕುಡಿದು ಎಡ ಮಗ್ಗುಲಿಗೆ ಮಲಗಿದರೆ ಸಾಮಾನ್ಯವಾಗಿ ತಣ್ಣಗಾಗುತ್ತದೆ. ನಿಜವಾದ ನೋವು ಹಾಗಲ್ಲ. ಹೆಚ್ಚಾಗಿ ಸೊಂಟದಲ್ಲಿ ಹುಟ್ಟಿ ಮುಂದಕ್ಕೆ, ಕಿಬ್ಬೊಟ್ಟೆಗೆ ಬರುತ್ತದೆ. ಮಲಗಿದರೂ ನಡೆದರೂ ಬಿಡುವುದಿಲ್ಲ. ನೋವು ನೋವಿನ ನಡುವಿನ ಬಿಡುವು ಕಡಿಮೆಯಾಗುತ್ತಾ, ನೋವು ಜೋರಾಗುತ್ತಾ ಹೋಗುತ್ತದೆ.

ಇದನ್ನು ತಿಳಿಯಲು ಒಂದು ಕೈ, ಒಂದು ಗಡಿಯಾರ ಸಾಕು. ಅತ್ತೆಯೋ ಗಂಡನೋ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಲಿ. ನೋವು ಬಂದಾಗ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬಿಟ್ಟಾಗ ಮೆತ್ತಗಾಗುತ್ತದೆ. ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವ ಹೊತ್ತಿನವರೆಗೆ ಎಷ್ಟು ನಿಮಿಷವೆಂದು ಬರೆದಿಡಿ. ಐದು ನಿಮಿಷಕ್ಕೊಮ್ಮೆ ಬಂದು, ಒಂದೊಂದು ಸಲ ಒಂದು ನಿಮಿಷ ನಿಂತು, ಒಂದು ಗಂಟೆ ಹೀಗೇ ನಡೆದರೆ ಚೊಚ್ಚಲ ಬಸುರಿ ಹೊರಡಬೇಕು ಎಂಬುದು ಪಟ್ಟಣದವರ ಲೆಕ್ಕ. ತೋಟದ ಮನೆಯಲ್ಲಿರುವ ನಮಗೆ ಅದು ಸಾಲದು. ಹತ್ತು ನಿಮಿಷಕ್ಕೊಮ್ಮೆ ಬರತೊಡಗಿದಾಗಲೇ ಹೊರಡಿ. ಎರಡನೆಯ, ಮೂರನೆಯ ಹೆರಿಗೆ ಬೇಗ ಆಗುತ್ತದೆ. ಹಿಂದೆ ಆಪರೇಷನ್ ಆಗಿದ್ದವರು ಎಣಿಸುತ್ತಾ ಕೂರಲೇಬಾರದು.

ರಕ್ತದ ಎಳೆ ಬೆರೆತ ಲೋಳೆ ಹೋದರೆ ಹೆರಿಗೆ ಹತ್ತಿರವಾಗಿದೆ ಎಂದರ್ಥ. ಅದು ಗಂಟೆಗಳಲ್ಲೂ ಆಗಬಹುದು, ಎರಡು ಮೂರು ದಿನವೂ ಹಿಡಿಯಬಹುದು. ಆದರೆ ಮುಟ್ಟಿನಂತೆ ಕೆಂಪು ರಕ್ತ ಹರಿದರೆ ಅದು ಗುರುತಲ್ಲ, ಅಪಾಯ.

ನೀರು ಹೋಗುವ ವಿಷಯದಲ್ಲಿ ನಮ್ಮವರು ತಪ್ಪುವುದು ಹೆಚ್ಚು. ತಮಿಳಿನಲ್ಲಿ ‘ಪನಿಕ್ಕುಡಂ ಒಡೆಯಿತು’ ಎಂದಾಗ ಕೊಡ ಒಡೆದಂತೆ ನೀರು ಸುರಿಯಬೇಕೆಂದು ಕಾಯುತ್ತಾರೆ. ಹಲವರಿಗೆ ಅದು ಬರೀ ಜಿನುಗುತ್ತದೆ. ಮೂತ್ರ ತಡೆಯಲಾಗಲಿಲ್ಲವೆಂದು ನಾಚಿ ಹೇಳದೆ ಇರುತ್ತಾರೆ. ದಿನ ತುಂಬಿದ ನೂರು ಜನರಲ್ಲಿ ಎಂಟು ಹತ್ತು ಮಂದಿಗೆ ನೋವಿಗೆ ಮೊದಲೇ ನೀರು ಹೋಗುತ್ತದೆ. ನೋವಿಲ್ಲವೆಂದು ಮನೆಯಲ್ಲಿದ್ದರೆ ಒಳಗೆ ನಂಜಾಗಬಹುದು. ಒಣಗಿದ ಬಿಳಿ ಬಟ್ಟೆ ಇಟ್ಟು ಬಣ್ಣ ನೋಡಿ. ಹಸಿರಾಗಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ. ಒಂದು ನಿಮಿಷವೂ ತಡ ಮಾಡಬೇಡಿ.

ಇನ್ನೊಂದು ತಪ್ಪು ನಂಬಿಕೆಯಿದೆ. ಹೆರಿಗೆ ಹತ್ತಿರ ಬಂದಾಗ ಮಗು ಆಡುವುದನ್ನು ನಿಲ್ಲಿಸುತ್ತದೆಯಂತೆ. ಇದು ಸುಳ್ಳು. ಆಟ ಕಡಿಮೆಯಾದರೆ ಆ ದಿನವೇ ತೋರಿಸಬೇಕು. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಊದುವುದು ಇವೂ ಅಷ್ಟೇ. ಹೆರಿಗೆ ನೋವು ಬರಲೆಂದು ಕಾಯುವಂತಿಲ್ಲ.

ಈಗ ದುಡಿಯುವ ಹೆಣ್ಣುಮಕ್ಕಳ ಮಾತು. ಕಂಬಂ, ಬೋಡಿ ಕಡೆಯಿಂದ ಬೆಳಗಿನ ಜಾವವೇ ಜೀಪು ಹತ್ತಿ ಘಟ್ಟದ ಮೇಲೆ ಏಲಕ್ಕಿ ತೋಟಗಳಿಗೆ ಹೋಗುವವರಿದ್ದಾರೆ. ನಮ್ಮ ಗದ್ದೆಗಳಲ್ಲೇ ಕಬ್ಬಿನ ಹೊರೆ ಹೊರುವವರಿದ್ದಾರೆ. ಬಗ್ಗಿ ಎದ್ದು ದುಡಿಯುವವರಿಗೆ ಸೊಂಟ ನೋವು ದಿನದ ಪಾಡು, ಆದ್ದರಿಂದ ಆ ನೋವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ನಾನು ಕಂಡ ಒಬ್ಬಾಕೆ ಎಂಟನೆಯ ತಿಂಗಳಲ್ಲಿ ಇಡೀ ಹಗಲು ಕಬ್ಬಿನ ಸೋಗೆ ಕಟ್ಟಿದಳು. ಹೊಟ್ಟೆ ಹಿಡಿದು ಬಿಡುತ್ತಿದ್ದುದನ್ನು ವಾಯು ಎಂದುಕೊಂಡು ಓಮದ ಕಷಾಯ ಕುಡಿದಳು. ರಾತ್ರಿ ಮನೆಯಲ್ಲೇ ಹೆರಿಗೆಯಾಯಿತು. ಆ ಕೂಸಿಗೆ ಉಸಿರು ಕಟ್ಟಿ ಬರಲಿಲ್ಲ. 37 ವಾರ ತುಂಬುವ ಮೊದಲು ಹೊಟ್ಟೆ ಬಿಟ್ಟುಬಿಟ್ಟು ಬಿಗಿದರೆ ಮಧ್ಯಾಹ್ನದಲ್ಲೇ ಬರಬೇಕು. ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಇಂಜೆಕ್ಷನ್ ಇದೆ. ಅದು ಪೂರ್ತಿ ಕೆಲಸ ಮಾಡಲು ಒಂದು ದಿನವಾದರೂ ಬೇಕು.

‘ನಾವು ಗದ್ದೆಯಲ್ಲೇ ಹೆತ್ತು ಎದ್ದು ಬಂದೆವು’ ಎಂದು ಹಿಂದಿನ ಸಾಲಿನ ಅಜ್ಜಿಯೊಬ್ಬರು ಹೇಳಿದರು. ನಿಜ, ಅಮ್ಮಾ. ನಿಮ್ಮ ಓರಗೆಯವರಲ್ಲಿ ಎದ್ದು ಬಾರದವರ ಹೆಸರೂ ನಿಮಗೆ ನೆನಪಿರಬೇಕು.

ಗಂಡಸರಿಗೆ ಒಂದು ಮಾತು. ಬಹಳ ಮನೆಗಳಲ್ಲಿ ತಡವಾಗುವುದು ದಾರಿಯಲ್ಲಲ್ಲ, ‘ಬೆಳಗಾಗಲಿ ನೋಡೋಣ’ ಎನ್ನುವಲ್ಲಿ. ನೋವು ಏರಿಸುವ ಸೂಜಿಯನ್ನು ಮನೆಗೆ ಕರೆಸಿ ಹಾಕಿಸಬೇಡಿ. ಗರ್ಭಕೋಶ ಹರಿಯುವ ಭಯವಿದೆ. ಹರಳೆಣ್ಣೆ ಕುಡಿಸಬೇಡಿ. ಆಸ್ಪತ್ರೆಗೆ ಹೋದ ಮೇಲೆ ಸುಳ್ಳು ನೋವೆಂದು ವಾಪಸು ಕಳಿಸಿದರೆ ಬೇಸರ ಬೇಡ, ನಾಳೆ ಮತ್ತೆ ಬಂದರೆ ಮತ್ತೆ ಹೋಗಿ.

ತೇನಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿದೆ, ಪೆರಿಯಕುಳಂನಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ದಿಂಡಿಗಲ್ ಕಡೆಯವರಿಗೂ ಈಗ ಮೆಡಿಕಲ್ ಕಾಲೇಜು ಬಂದಿದೆ. ಯಾವ ಆಸ್ಪತ್ರೆಗೆ ಹೋಗುವುದೆಂದು ಗ್ರಾಮದ ನರ್ಸಮ್ಮನನ್ನು ಎಂಟನೆಯ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ. ತಪಾಸಣೆಯ ಕಾರ್ಡು, ಎರಡು ಹಳೆ ಮೆತ್ತನೆ ಸೀರೆ, ಮಗುವಿಗೆ ಬಟ್ಟೆ ಒಂದೇ ಚೀಲದಲ್ಲಿರಲಿ. ದೊಡ್ಡ ಮಗುವನ್ನು ಯಾರ ಮನೆಯಲ್ಲಿ ಬಿಡುವುದೆಂದೂ ಮಾತಾಡಿಕೊಂಡಿರಿ. 108 ಆಂಬುಲೆನ್ಸ್ 2008ರಿಂದ ನಮ್ಮ ರಾಜ್ಯದಲ್ಲಿದೆ, ದುಡ್ಡು ಕೊಡಬೇಕಿಲ್ಲ. ಆದರೆ ಕಬ್ಬಿನ ನಡುವಿನ ಬಂಡಿದಾರಿ ರಾತ್ರಿ ಹೊತ್ತು ಡ್ರೈವರಿಗೆ ಕಾಣದು. ಕರೆ ಮಾಡಿದ ಕೂಡಲೇ ಮನೆಯವರೊಬ್ಬರು ಟಾರ್ಚ್ ಹಿಡಿದು ಟಾರು ರಸ್ತೆಗೆ ಹೋಗಿ ನಿಲ್ಲಬೇಕು.