ಗಾಡಿ ಕಲಿಯೋಣ, ಲೈಸೆನ್ಸ್ ಪಡೆಯೋಣ



ಇವತ್ತು ಪುಸ್ತಕ ಮಡಚಿಡೋಣ. ಗಾಡಿಯ ಮಾತು ಆಡೋಣ.

ನಮ್ಮ ಊರುಗಳಲ್ಲಿ ಈಗ ಎಷ್ಟೋ ಮನೆ ಮುಂದೆ ಬೈಕು ನಿಂತಿದೆ. ಅದನ್ನು ಒರೆಸುವವರು ನಾವು. ಕಂತು ಕಟ್ಟಲು ಸಂಘದಿಂದ ಸಾಲ ತಂದವರೂ ನಾವು. ಓಡಿಸುವವರು ಮಾತ್ರ ಗಂಡಸರು. ಅವರು ಊರಲ್ಲಿ ಇಲ್ಲದ ದಿನ ಮಗುವಿಗೆ ಜ್ವರ ಏರಿದರೆ? ಬೈಕಿನ ಕೀ ಮೊಳೆಯಲ್ಲಿ ನೇತಾಡ್ತಾ ಇರುತ್ತದೆ. ನಾವು ಮಗುವನ್ನು ಸೊಂಟದ ಮೇಲೆ ಹಾಕಿಕೊಂಡು ಬಸ್ಸಿಗೆ ಕಾಯ್ತೀವಿ.

"ಈ ವಯಸ್ಸಲ್ಲಿ ನಮಗೆ ಬರುತ್ತಾ? ಜನ ನಗೋಲ್ವಾ?" ಅಂತ ಕೇಳ್ತೀರಿ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಕಥೆ ಕೇಳಿ. 1991ರ ಹೊತ್ತಿಗೆ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಶೀಲಾರಾಣಿ ಚುಂಕತ್ ಎಂಬುವರು ಆಗ ಅಲ್ಲಿನ ಜಿಲ್ಲಾಧಿಕಾರಿ. ಅಕ್ಷರದ ಜೊತೆಗೇ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕೂಲಿ ಮಾಡುವವರು, ಕಲ್ಲು ಒಡೆಯುವವರು, ಸಾವಿರ ಸಾವಿರ ಹೆಂಗಸರು ಕಲಿತರು. ನಕ್ಕವರೂ ಇದ್ದರು. ಸೈಕಲ್ಲು ನಿಲ್ಲಲಿಲ್ಲ.

ಸೈಕಲ್ಲಿಗೆ ಲೈಸೆನ್ಸ್ ಬೇಡ. ಬೈಕಿಗೆ ಬೇಕು. ಅದಕ್ಕೆ ಶಾಲೆಯ ಸರ್ಟಿಫಿಕೇಟು ಕೇಳ್ತಾರಾ? ಇಲ್ಲ. ನಮ್ಮ ಸ್ವಂತ ಬೈಕು ಓಡಿಸಲು ಇಷ್ಟನೇ ಕ್ಲಾಸು ಓದಿರಬೇಕು ಅಂತ ಕಾನೂನಿನಲ್ಲಿ ಇಲ್ಲ. ಗೇರ್ ಇರುವ ಗಾಡಿಗೆ 18 ವರ್ಷ ತುಂಬಿರಬೇಕು. ವಯಸ್ಸಿಗೆ, ವಿಳಾಸಕ್ಕೆ ದಾಖಲೆ ಬೇಕು. 40 ದಾಟಿದವರು ಡಾಕ್ಟರ ಸರ್ಟಿಫಿಕೇಟನ್ನೂ ಕೊಡಬೇಕು.

ಒಂದು ಮಾತು ಇಲ್ಲೇ ಹೇಳಿಬಿಡ್ತೀವಿ. ಹದಿನೈದು ವರ್ಷದ ಮಗ ಬೈಕು ಕೇಳಿದರೆ ಕೀ ಕೊಟ್ಟುಬಿಡ್ತೀವಿ. ನಾವು ಹತ್ತಲು ಮಾತ್ರ ಹೆದರ್ತೀವಿ. 2019ರ ತಿದ್ದುಪಡಿ ಕಾನೂನಿನ ಪ್ರಕಾರ, ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಂದೆ ತಾಯಿಗೋ ಗಾಡಿಯ ಒಡೆಯರಿಗೋ 25,000 ರೂಪಾಯಿ ದಂಡ. ಮೂರು ವರ್ಷದವರೆಗೆ ಜೈಲೂ ಆಗಬಹುದು.

ಮೊದಲು ಸಿಗುವುದು ಕಲಿಯುವವರ ಲೈಸೆನ್ಸ್. ಎಲ್.ಎಲ್. ಅಂತಾರೆ. ಅದಕ್ಕೆ ಒಂದು ಚಿಕ್ಕ ಪರೀಕ್ಷೆ ಇದೆ. ರಸ್ತೆಯ ಹಲಗೆಗಳ ಗುರುತು ಕೇಳ್ತಾರೆ. ಕನ್ನಡದಲ್ಲೇ ಉತ್ತರ ಕೊಡಬಹುದು. ದುಂಡಗಿನ ಹಲಗೆ ಅಪ್ಪಣೆ ಮಾಡುತ್ತದೆ. ತುದಿ ಮೇಲಿರುವ ಮೂರು ಮೂಲೆಯ ಹಲಗೆ ಎಚ್ಚರಿಸುತ್ತದೆ: ಮುಂದೆ ತಿರುವು ಇದೆ, ಶಾಲೆ ಇದೆ ಅಂತ. ನೀಲಿ ಚೌಕದ್ದು ಆಸ್ಪತ್ರೆ, ಪೆಟ್ರೋಲ್ ಬಂಕು ತೋರಿಸುತ್ತದೆ. ಬಸ್ಸಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತು ಇವನ್ನು ಓದ್ತಾ ಹೋಗಿ. ನಮಗೆ ಇದೂ ಪಾಠವೇ.

ಎಲ್.ಎಲ್. ಆರು ತಿಂಗಳು ನಡೆಯುತ್ತದೆ. ಗಾಡಿಯ ಹಿಂದೆ ಮುಂದೆ ಕೆಂಪು 'ಎಲ್' ಅಕ್ಷರ ಅಂಟಿಸಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಕಲಿಯುವುದು ಹೇಗೆ? ಮೊದಲ ದಿನ ಇಂಜಿನ್ ಶುರು ಮಾಡಲೇಬೇಡಿ. ಗಾಡಿಯನ್ನು ತಳ್ಳಿಕೊಂಡು ಮೈದಾನ ಸುತ್ತಿ. ಅದರ ಭಾರ ಕೈಗೆ ಗೊತ್ತಾಗಲಿ. ಆಮೇಲೆ ಕೈಕಾಲಿನ ಲೆಕ್ಕ. ಎಡಗೈಗೆ ಕ್ಲಚ್ಚು. ಎಡಗಾಲಿಗೆ ಗೇರು. ಬಲಗೈಗೆ ಎಕ್ಸಲೇಟರು ಮತ್ತು ಮುಂದಿನ ಬ್ರೇಕು. ಬಲಗಾಲಿಗೆ ಹಿಂದಿನ ಬ್ರೇಕು. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಗಾಡಿ ಜಿಗಿಯುತ್ತದೆ, ಇಲ್ಲಾ ಆಫ್ ಆಗುತ್ತದೆ. ಕೊಡದಿಂದ ನೀರು ಬಗ್ಗಿಸುವ ಹಾಗೆ ಮೆಲ್ಲಗೆ ಬಿಡಬೇಕು. ಆ ಹದ ನಮ್ಮ ಕೈಗೆ ಚೆನ್ನಾಗೇ ಗೊತ್ತು.

ಸೀರೆ ಉಟ್ಟೇ ಓಡಿಸಬಹುದು. ಸೆರಗು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಚೂಡಿದಾರದ ವೇಲು ಹಾರಲು ಬಿಡಬೇಡಿ, ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೆ ಬರುತ್ತದೆ. ಹಿಂದಿನ ಚಕ್ರಕ್ಕೆ ಸೀರೆಯ ಕಂಬಿ ಇರಲೇಬೇಕು. ಹೆಲ್ಮೆಟ್ಟು ತಲೆ ಮೇಲೆ ಇಟ್ಟರೆ ಸಾಲದು, ಗದ್ದದ ಪಟ್ಟಿ ಹಾಕಿ. ಹಿಂದೆ ಕೂತವರಿಗೂ ಹೆಲ್ಮೆಟ್ಟು ಬೇಕು.

ಎಲ್.ಎಲ್. ಸಿಕ್ಕಿ 30 ದಿನ ಕಳೆದ ಮೇಲೆ ಓಡಿಸುವ ಪರೀಕ್ಷೆ. ಆರ್.ಟಿ.ಓ. ಸಾಹೇಬರ ಮುಂದೆ ಎಂಟರ ಆಕಾರದಲ್ಲಿ ಗಾಡಿ ಬಿಡಬೇಕು. ಕನ್ನಡದ ೮ ಅಲ್ಲ, ಬಸ್ಸಿನ ನಂಬರಿನಲ್ಲಿ ಕಾಣುವ 8. ಕಾಲು ನೆಲಕ್ಕೆ ಊರಬಾರದು. ನಮ್ಮ ಮೈದಾನದಲ್ಲಿ ಸುಣ್ಣದ ಪುಡಿಯಿಂದ 8 ಬರೆದು ಅಭ್ಯಾಸ ಮಾಡೋಣ.

ಗೇರ್ ಇಲ್ಲದ ಸ್ಕೂಟರಿನಲ್ಲಿ ಪರೀಕ್ಷೆ ಕೊಟ್ಟರೆ ಅದಕ್ಕೆ ಮಾತ್ರ ಲೈಸೆನ್ಸ್ ಸಿಗುತ್ತದೆ. ಮನೆಯ ಬೈಕು ಮುಟ್ಟುವ ಹಾಗಿಲ್ಲ. ಗೇರ್ ಗಾಡಿಯಲ್ಲಿ ಪಾಸಾದರೆ ಎರಡನ್ನೂ ಓಡಿಸಬಹುದು. ಕಷ್ಟ ಸ್ವಲ್ಪ ಜಾಸ್ತಿ, ಆದರೂ ಗೇರ್ ಗಾಡಿಯಲ್ಲೇ ಕಲಿಯಿರಿ ಅನ್ನೋದು ನಮ್ಮ ಮಾತು.

"ಪರೀಕ್ಷೆ ಗಿರೀಕ್ಷೆ ಏನೂ ಬೇಡ, ದುಡ್ಡು ಕೊಡಿ" ಅನ್ನುವವರು ಸಿಗ್ತಾರೆ. ಬೇಡ. ಕಲಿಯದೆ ಲೈಸೆನ್ಸ್ ತಂದರೆ ರಸ್ತೆಯಲ್ಲಿ ಬೀಳುವವರು ನಾವೇ. ಲೈಸೆನ್ಸ್ ಇಲ್ಲದೆ ಓಡಿಸಿ ಯಾರಿಗಾದರೂ ಪೆಟ್ಟಾದರೆ, ಪರಿಹಾರದ ಹಣ ನಮ್ಮ ಮನೆಯ ತಲೆ ಮೇಲೆ ಬರಬಹುದು. ಅರ್ಜಿಯನ್ನು ಓದಿಸಿಕೊಳ್ಳಿ. ನಿಮ್ಮ ಹೆಸರು, ಹುಟ್ಟಿದ ದಿನ, ಊರು ಸರಿಯಾಗಿದೆಯಾ ಅಂತ ಸ್ವತಃ ನೋಡಿ. ಹೆಬ್ಬೆಟ್ಟು ಬೇಡ, ಸಹಿ ಹಾಕಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಶಾಲೆ ಮೈದಾನಕ್ಕೆ ಬನ್ನಿ. ಆಧಾರ್ ಕಾರ್ಡು ಮರೆಯದೆ ತನ್ನಿ. ಮನೆಯಲ್ಲಿ ಹೆಲ್ಮೆಟ್ಟು ಇದ್ದರೆ ಅದನ್ನೂ ತನ್ನಿ. ನಿಮ್ಮ ಅಳತೆಗೆ ಕೂರುತ್ತಾ ನೋಡೋಣ.