ನೀರಿನ ನಡುವೆ ಬೇಗೆ



ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಕಬಿನಿಯ ಅಣೆಕಟ್ಟು ಪೂರ್ಣವಾಯಿತು. ಅದರ ಹಿನ್ನೀರ ದಡದಲ್ಲಿ ಒಮ್ಮೆ ದೋಣಿಯವನೊಬ್ಬ ಎಂಜಿನ್ ಬಿಚ್ಚಿಕೊಂಡು ಕುಳಿತಿದ್ದುದನ್ನು ನಾವು ಕಂಡೆವು. ಜನ ಅವಸರಪಡಿಸಿದರೂ ದೋಣಿ ಇಳಿಸಲೊಲ್ಲ.

“ಬುದ್ಧಿ, ನೀರೆಳೆಯೋ ರಬ್ಬರ್ ಚಕ್ರ ಹರಿದದೆ. ಮೈಸೂರಿಂದ ಹೊಸದು ಬರಬೇಕು. ಸುತ್ತ ಎಷ್ಟು ನೀರಿದ್ರೇನು? ಒಳಕ್ಕೆ ಹೋಗದಿದ್ರೆ ಎಂಜಿನ್ ಕಾದು ನಡುನೀರಲ್ಲಿ ನಿಂತೋಯ್ತದೆ” ಎಂದ.

ಆ ದಿನದ ಸಂಪಾದನೆ ಹೋಯಿತು. ಏರುವವರ ಪ್ರಾಣ ಉಳಿಯಿತು. ಅಂಬಿಗರ ಚೌಡಯ್ಯನವರ ಕಾಯಕವೂ ಇದೇ ಅಲ್ಲವೇ?

ನಮಗೆ ನಾಚಿಕೆಯಾಯಿತು. ನಿತ್ಯವೂ ವಚನಗಳ ನಡುವೆಯೇ ಇದ್ದೇವೆ, ಒಳಕ್ಕೆ ಇಳಿದದ್ದೆಷ್ಟು? ಒಂದು ಬಿರುಮಾತಿಗೇ ಕಾದು ಕೆಂಡವಾಗುತ್ತೇವೆ. ದಡದಲ್ಲಿರುವಾಗಲೇ ಒಳಗನ್ನು ಬಿಚ್ಚಿ ನೋಡಿಕೊಳ್ಳೋಣ.